ಹಳೆಯ ಜಾವಾ, ಯೆಜ್ಡಿ ಎಂಜಿನ್: ಕ್ರ್ಯಾಂಕ್ ಬೇರಿಂಗ್ ಬದಲಿಸುವುದು ಹೇಗೆ?

ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ. ಆದರೆ ಎಂಜಿನ್ ಕೆಳಗಿಂದ ಗೊರಗೊರ ಸದ್ದು. ಕ್ರ್ಯಾಂಕ್ ಬೇರಿಂಗ್ ಹೋಗಿದೆ ಅಂತಾರೆ. ಮನೆಯಲ್ಲೇ ಹಾಕಿಕೊಳ್ಳಬಹುದಾ?"

ಹಾಕಿಕೊಳ್ಳಬಹುದು. ಕೇಸ್ (ಎಂಜಿನ್ನಿನ ಎರಡು ಹೋಳಿನ ಹೊರಕವಚ) ಬಿಚ್ಚುವುದು, ಹಳೆ ಬೇರಿಂಗ್ ತೆಗೆದು ಹೊಸದು ಕೂರಿಸುವುದು, ಸೀಲ್ ಹಾಕುವುದು, ಇವೆಲ್ಲ ತಾಳ್ಮೆ ಇರುವ ಯಾರಾದರೂ ಮಾಡಬಹುದಾದ ಕೆಲಸ. ಕ್ರ್ಯಾಂಕನ್ನೇ ಬಿಡಿಸಿ ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು) ಬದಲಿಸುವುದು ಮಾತ್ರ ಪ್ರೆಸ್ ಮತ್ತು ಡಯಲ್ ಗೇಜ್ (ಸೂಕ್ಷ್ಮ ಓಲಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇರುವ ಅಂಗಡಿಯ ಕೆಲಸ. ಈ ಗೆರೆ ದಾಟದಿದ್ದರೆ ಸಾಕು. ಇನ್ನೊಂದು ಮಾತು: ಈ ಕೆಲಸ ಕೆಡುವುದು ಹೆಚ್ಚಾಗಿ ಸುತ್ತಿಗೆಯಿಂದ. ಬಿಸಿ ಮಾಡಿ ಮಾಡಬೇಕಾದದ್ದನ್ನು ಬಡಿದು ಮಾಡಲು ಹೋದಲ್ಲಿ ಹೊಸ ಬೇರಿಂಗೂ ಹಾಳು, ಕ್ರ್ಯಾಂಕೂ ಸೊಟ್ಟ.

ಇಲ್ಲಿ ಹೇಳಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ 250 ಸಿಸಿ, ಒಂದೇ ಸಿಲಿಂಡರ್‌ನ ಟೂ-ಸ್ಟ್ರೋಕ್ ಎಂಜಿನ್‌ಗಳ ಬಗ್ಗೆ. 2018ರ ನಂತರ ಬಂದ ಹೊಸ ಜಾವಾ ಮತ್ತು ಅದರ ಹಿಂದೆಯೇ ಬಂದ ಹೊಸ ಯೆಜ್ಡಿ ಫೋರ್-ಸ್ಟ್ರೋಕ್ ಗಾಡಿಗಳು. ಅವಕ್ಕೆ ಇದು ಅನ್ವಯಿಸುವುದಿಲ್ಲ.

ಮೊದಲು ಕೆಲವು ಪದ

ಕ್ರ್ಯಾಂಕ್: ಪಿಸ್ಟನ್ನಿನ ಮೇಲೆ-ಕೆಳಗಿನ ಓಡಾಟವನ್ನು ತಿರುಗಾಟವಾಗಿ ಮಾಡುವ ಭಾಗ. ಈ ಎಂಜಿನ್‌ನಲ್ಲಿ ಅದು ಒಂದೇ ಎರಕದ ತುಂಡಲ್ಲ. ಎರಡು ಭಾರದ ಚಕ್ರಗಳನ್ನು ನಡುವೆ ಒಂದು ಪಿನ್ ಇಟ್ಟು ಪ್ರೆಸ್‌ನಲ್ಲಿ ಒತ್ತಿ ಜೋಡಿಸಿರುತ್ತಾರೆ.

ಮೇನ್ ಬೇರಿಂಗ್: ಕ್ರ್ಯಾಂಕಿನ ಎಡ-ಬಲ ತುದಿಗಳನ್ನು ಹೊತ್ತು ಕೇಸ್‌ನಲ್ಲಿ ಕೂತಿರುವ ಗುಂಡಿನ ಬೇರಿಂಗ್‌ಗಳು. ನಾವು ಬದಲಿಸುವುದು ಇವನ್ನೇ.

ಬಿಗ್ ಎಂಡ್: ಕಾನ್‌ರಾಡಿನ ಕೆಳತುದಿಯ ರೋಲರ್ ಬೇರಿಂಗ್. ಇದು ಹೋಗಿದ್ದರೆ ಸಮಸ್ಯೆ ಬೇರೆ, ಖರ್ಚೂ ಬೇರೆ.

ಆಯಿಲ್ ಸೀಲ್: ಕ್ರ್ಯಾಂಕ್ ಕೋಣೆಯಿಂದ ಗಾಳಿ ಹೊರಹೋಗದಂತೆ, ಹೊರಗಿನದು ಒಳಬರದಂತೆ ಶಾಫ್ಟನ್ನು ಸುತ್ತಿ ಹಿಡಿಯುವ ರಬ್ಬರ್ ಬಳೆ. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ, ಆಮೇಲೆ ಮೇಲೇರುತ್ತದೆ. ಹಾಗಾಗಿ ಸೀಲ್ ಸೋರಿದರೆ ಎಂಜಿನ್ನಿನ ಉಸಿರೇ ಸೋರಿದಂತೆ.

ಹೋಗಿರುವುದು ಮೇನ್ ಬೇರಿಂಗೇ ಹೌದೇ?

ಎಂಜಿನ್ ಬಿಚ್ಚುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಬಲಗಡೆಯ ಡೈನಮೋ ಕವರ್ ತೆಗೆದು, ಕ್ರ್ಯಾಂಕಿನ ತುದಿಯಲ್ಲಿರುವ ಆರ್ಮೇಚರನ್ನು (ಡೈನಮೋದ ತಿರುಗುವ ಭಾಗ) ಬೆರಳುಗಳಿಂದ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇರಿಂಗ್ ಹೋಗಿದೆ ಎಂದೇ ಲೆಕ್ಕ. ಸುತ್ತಲಿನ ಪೋಲ್‌ಗಳನ್ನೂ (ಡೈನಮೋದ ತಿರುಗದ ಕಬ್ಬಿಣದ ತುಂಡುಗಳು) ನೋಡಿ. ಆರ್ಮೇಚರ್ ಉಜ್ಜಿ ಯಾವುದಾದರೂ ಒಂದು ಕಡೆ ಬೆಳ್ಳಗೆ ಮಿಂಚುತ್ತಿದ್ದರೆ ಕ್ರ್ಯಾಂಕ್ ತನ್ನ ಜಾಗದಲ್ಲಿ ತಿರುಗುತ್ತಿಲ್ಲ.

ಪಾಯಿಂಟ್ (ಪ್ಲಗ್‌ನ ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಸ್ವಿಚ್) ಇರುವ ಗಾಡಿಯಾದರೆ ಇನ್ನೂ ಸೂಕ್ಷ್ಮವಾದ ಗುರುತು ಒಂದಿದೆ. ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಉಕ್ಕಿನ ಎಲೆಗಳು) ಇಟ್ಟು ಗ್ಯಾಪ್ ನೋಡಿ. ಆಮೇಲೆ ಆರ್ಮೇಚರನ್ನು ಪಾಯಿಂಟಿನ ಕಡೆಗೆ, ಮತ್ತೆ ಅದರಿಂದ ಆಚೆಗೆ ಒತ್ತಿ ಹಿಡಿದು ಅಳೆಯಿರಿ. ಗ್ಯಾಪ್ ಬದಲಾದರೆ ಆ ಬದಿಯ ಬೇರಿಂಗ್ ಸವೆದಿದೆ. "ಎಷ್ಟು ಸಲ ಪಾಯಿಂಟ್ ಸೆಟ್ ಮಾಡಿದರೂ ಟೈಮಿಂಗ್ ನಿಲ್ಲಲ್ಲ" ಎನ್ನುವವರ ಗಾಡಿಯಲ್ಲಿ ಪಾಯಿಂಟಿನ ತಪ್ಪಿಗಿಂತ ಬೇರಿಂಗಿನ ತಪ್ಪೇ ಹೆಚ್ಚು.

ಸದ್ದಿನ ವ್ಯತ್ಯಾಸ ತಿಳಿದಿರಲಿ. ಆರ್‌ಪಿಎಂ ಏರಿದಂತೆ ಏರುವ, ಫುಟ್‌ರೆಸ್ಟ್‌ನಲ್ಲಿ ನಡುಕವಾಗಿ ಸಿಗುವ ಗೊರಗೊರ ಮೇನ್ ಬೇರಿಂಗಿನದು. ಆಕ್ಸಿಲರೇಟರ್ ಕೊಟ್ಟಾಗ ಲೋಡ್‌ನಲ್ಲಿ ಕೇಳುವ ಟಕ್-ಟಕ್ ಬಿಗ್ ಎಂಡ್‌ನದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೇಸಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರೆ ಯಾವ ಬದಿ ಎಂದು ತಿಳಿಯುತ್ತದೆ.

ಬರೀ ಹೊಗೆ ಜಾಸ್ತಿ, ಗೇರ್ ಆಯಿಲ್ ಕಡಿಮೆಯಾಗುತ್ತಿದೆ ಎಂದಾದರೆ ಕ್ಲಚ್ ಬದಿಯ ಸೀಲ್ ಹೋಗಿರಬಹುದು. ಎಂಜಿನ್ ಗೇರ್ ಆಯಿಲನ್ನು ಎಳೆದು ಸುಡುತ್ತಿದೆ. ಡೈನಮೋ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ, ಸ್ಲೋ (ಆಕ್ಸಿಲರೇಟರ್ ಕೊಡದಿರುವಾಗಿನ ಆರ್‌ಪಿಎಂ) ತಾನಾಗಿ ಏರುತ್ತದೆ, ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿರುತ್ತದೆ. ಬೇರಿಂಗಿನಲ್ಲಿ ಆಟ ಬಂದಾಗ ಶಾಫ್ಟ್ ಕುಣಿದು ಸೀಲನ್ನೂ ತಿನ್ನುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಬೇಕಾಗುವ ಸಾಮಾನು

ಒಳ್ಳೆಯ ರಿಂಗ್ ಸ್ಪಾನರ್‌ಗಳು, ಇಂಪ್ಯಾಕ್ಟ್ ಡ್ರೈವರ್ (ಹೊಡೆದಾಗ ತಾನೇ ತಿರುಗುವ ಸ್ಕ್ರೂಡ್ರೈವರ್, ಹಳೇ ಕೇಸ್ ಸ್ಕ್ರೂಗಳ ತಲೆ ಉಳಿಯಬೇಕಾದರೆ ಇದು ಬೇಕೇ ಬೇಕು), ಆರ್ಮೇಚರ್ ಮತ್ತು ಎಂಜಿನ್ ಸ್ಪ್ರಾಕೆಟ್ ಕೀಳುವ ಪುಲ್ಲರ್‌ಗಳು, ಕ್ಲಚ್ ಹಿಡಿಯುವ ಟೂಲ್, ಸರ್ಕ್ಲಿಪ್ ಪ್ಲೈಯರ್, ನೈಲಾನ್ ಸುತ್ತಿಗೆ, ಫೀಲರ್ ಗೇಜ್, ವರ್ನಿಯರ್ ಕ್ಯಾಲಿಪರ್, ಹಾಟ್ ಏರ್ ಗನ್ ಅಥವಾ ಕರೆಂಟ್ ಒಲೆ, ದಪ್ಪ ಕೈಗವಸು. ಜಾವಾ ಪುಲ್ಲರ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಅಂಗಡಿ ಸಾಲುಗಳಲ್ಲಿ ವಿಚಾರಿಸಿದರೆ ಸಿಗುತ್ತವೆ. ಇಲ್ಲವೇ ಲೇತ್ ಅಂಗಡಿಯಲ್ಲಿ ತಿರುಗಿಸಿ ಮಾಡಿಸಿಕೊಳ್ಳಿ. ಪುಲ್ಲರ್ ಇಲ್ಲದೆ ಕೆಲಸ ಶುರು ಮಾಡಬೇಡಿ.

ಯಾವ ಬೇರಿಂಗ್ ತರಬೇಕು?

ಅಂಗಡಿಯವರು "ಯೆಜ್ಡಿ ಸೆಟ್" ಎಂದು ಕೊಟ್ಟದ್ದನ್ನು ಕಣ್ಣು ಮುಚ್ಚಿ ತರಬೇಡಿ. ಮಾದರಿ, ವರ್ಷಗಳಿಗೆ ತಕ್ಕಂತೆ ವ್ಯತ್ಯಾಸವಿರುತ್ತದೆ. ಹಿಂದಿನ ಮೆಕ್ಯಾನಿಕ್ ಏನು ಹಾಕಿದ್ದಾರೋ ಅದೂ ನಿಮಗೆ ಗೊತ್ತಿಲ್ಲ. ಹಳೆ ಬೇರಿಂಗಿನ ಮುಖದ ಮೇಲಿನ ನಂಬರ್ ಓದಿ, ವರ್ನಿಯರ್‌ನಲ್ಲಿ ಅಳೆದು, ಎರಡೂ ಹೊಂದಿದರೆ ಮಾತ್ರ ಕೊಳ್ಳಿ.

ನಂಬರ್ ಓದುವುದು ಸುಲಭ. 6305 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ: 05×5, ಅಂದರೆ ಒಳ ವ್ಯಾಸ 25 ಮಿಮೀ. ಅದರ ಹೊರ ವ್ಯಾಸ 62, ಅಗಲ 17 ಮಿಮೀ. 6205ರ ಒಳ ವ್ಯಾಸವೂ 25ಏ, ಆದರೆ ಹೊರಗೆ 52, ಅಗಲ 15. ಒಂದಂಕಿ ತಪ್ಪಿದರೂ ಮತ್ತೆ ಅಂಗಡಿಗೆ ಹೋಗಬೇಕು.

ನಂಬರಿನ ನಂತರ ಸಿ3 ಎಂದಿರಬೇಕು. ಸಿ3 ಎಂದರೆ ಗುಂಡು ಮತ್ತು ಬಳೆಗಳ ನಡುವೆ ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚು ಸಡಿಲ. 6305ರಲ್ಲಿ ಸಾಮಾನ್ಯ ಬೇರಿಂಗಿನ ಸಡಿಲ 5ರಿಂದ 20 ಮೈಕ್ರಾನ್ (ಒಂದು ಮಿಮೀಯ ಸಾವಿರದ ಒಂದು ಭಾಗ), ಸಿ3ದು 13ರಿಂದ 28. ಶಾಫ್ಟಿಗೂ ಕೇಸಿಗೂ ಬಿಗಿಯಾಗಿ ಕೂತಾಗ ಒಳ ಬಳೆ ಹಿಗ್ಗುತ್ತದೆ, ಹೊರ ಬಳೆ ಕುಗ್ಗುತ್ತದೆ. ಎಂಜಿನ್ ಬಿಸಿಯಾದಾಗ ಇನ್ನಷ್ಟು ಬದಲಾವಣೆ. ಆ ಸಡಿಲ ಇಲ್ಲದಿದ್ದರೆ ಗುಂಡುಗಳು ಹಿಂಡಿಕೊಂಡು ಬೇಗ ಹಾಳಾಗುತ್ತವೆ. "ಸಿ3 ಇಲ್ಲ ಸಾರ್, ಇದೂ ಅದೇ" ಎಂದರೆ ಬೇರೆ ಅಂಗಡಿ ನೋಡಿ.

ಇನ್ನು 2ಆರ್‌ಎಸ್ ಅಥವಾ ಜೆಡ್‌ಜೆಡ್ ಎಂದು ಬರೆದ, ಎರಡು ಬದಿಯೂ ರಬ್ಬರ್ ಇಲ್ಲವೇ ತಗಡಿನ ಮುಚ್ಚಳ ಇರುವ ಬೇರಿಂಗ್ ಬೇಡ. "ಗ್ರೀಸ್ ತುಂಬಿದೆ, ಬಾಳಿಕೆ ಬರುತ್ತೆ" ಎಂದು ಹಾಕುವವರಿದ್ದಾರೆ. ಈ ಎಂಜಿನ್‌ನ ಮೇನ್ ಬೇರಿಂಗಿಗೆ ಎಣ್ಣೆ ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲ್‌ನಿಂದ. ಮುಚ್ಚಳ ಅದನ್ನು ತಡೆಯುತ್ತದೆ. ಒಳಗಿನ ಗ್ರೀಸನ್ನು ಪೆಟ್ರೋಲ್ ನಿಧಾನವಾಗಿ ತೊಳೆದುಬಿಡುತ್ತದೆ. ತೆರೆದ ಬೇರಿಂಗೇ ಸರಿ.

ನಕಲಿ ಬೇರಿಂಗ್ ಹಾವಳಿ ದೊಡ್ಡದು. ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿಯಂಥ ಕಂಪನಿಗಳ ಅಧಿಕೃತ ಡೀಲರ್‌ನಿಂದಲೇ ಕೊಳ್ಳಿ, ಬಿಲ್ ಪಡೆಯಿರಿ. ಒಂದು ಬೇರಿಂಗಿಗೆ ಉಳಿಸುವ ಕೆಲವು ನೂರು ರೂಪಾಯಿಗೆ ಎಂಜಿನನ್ನು ಎರಡನೇ ಸಲ ಬಿಚ್ಚುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಹಂತ 1: ಎಂಜಿನ್ ಇಳಿಸಿ

ಮೊದಲು ಹೊರಗಿನ ಜಿಡ್ಡು, ಮಣ್ಣು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆಯಿರಿ. ಗೇರ್ ಆಯಿಲ್ ಇಳಿಸಿ, ಬಿಳಿ ತಟ್ಟೆಯಲ್ಲಿ ಹಿಡಿದು ನೋಡಿ: ಪೆಟ್ರೋಲ್ ವಾಸನೆ ಬಂದರೆ ಕ್ಲಚ್ ಬದಿಯ ಸೀಲ್ ಹೋಗಿರುವುದಕ್ಕೆ ಅದೇ ಸಾಕ್ಷಿ. ಎಂಜಿನ್ ಇನ್ನೂ ಫ್ರೇಮ್‌ನಲ್ಲಿರುವಾಗಲೇ ಕ್ಲಚ್ ನಟ್ ಮತ್ತು ಸ್ಪ್ರಾಕೆಟ್ ನಟ್‌ಗಳನ್ನು ಸಡಿಲಿಸಿಕೊಳ್ಳಿ. ಹಿಂದಿನ ಚೈನ್ ಇದ್ದು, ಯಾರಾದರೂ ಹಿಂಬ್ರೇಕ್ ತುಳಿದು ಹಿಡಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಮೇಜಿನ ಮೇಲೆ ಉರುಳುವ ಎಂಜಿನ್ ಹಿಡಿದು ನಟ್ ಬಿಚ್ಚುವ ಪಾಡು ಬೇಡ.

ಹಂತ 2: ಎರಡೂ ಬದಿ ಬಿಚ್ಚಿ

ಹೆಡ್, ಬ್ಯಾರಲ್, ಪಿಸ್ಟನ್ ತೆಗೆಯಿರಿ. ಪಿಸ್ಟನ್ ಪಿನ್ ಹೊರತರುವಾಗ ಕಾನ್‌ರಾಡಿಗೆ ಪಕ್ಕದಿಂದ ಹೊಡೆಯಬೇಡಿ. ಪಿಸ್ಟನ್ನನ್ನು ಬಿಸಿ ಮಾಡಿ, ಪಿನ್ ತಾನಾಗಿ ಜಾರುತ್ತದೆ. ತೆರೆದ ಕೇಸಿನ ಬಾಯಿಗೆ ಬಟ್ಟೆ ತುರುಕಿ, ಪಿಸ್ಟನ್ ಪಿನ್ನಿನ ಲಾಕ್ ಒಳಗೆ ಬಿದ್ದರೆ ಹುಡುಕಾಟ ತಪ್ಪಿದ್ದಲ್ಲ.

ಬಲಬದಿಯಲ್ಲಿ ಡೈನಮೋ ಬಿಚ್ಚಿ, ಆರ್ಮೇಚರನ್ನು ಪುಲ್ಲರ್ ಬೋಲ್ಟ್‌ನಿಂದಲೇ ಕೀಳಿ. ಎಡಬದಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಆಗಿರುವ ಆ ಒಂದೇ ಲಿವರ್, ಕವರ್, ಕ್ಲಚ್, ಪ್ರೈಮರಿ ಚೈನ್, ಎಂಜಿನ್ ಸ್ಪ್ರಾಕೆಟ್. ನಟ್ ಹಟ ಹಿಡಿದರೆ ಬಲ ಹಾಕುವ ಮೊದಲು ಅದು ಎಡತಿರುವಿನದೇ, ಅಂದರೆ ಉಲ್ಟಾ ಬಿಚ್ಚುವುದೇ ಎಂದು ಮ್ಯಾನುಯಲ್‌ನಲ್ಲಿ ನೋಡಿ. ಸ್ಪ್ರಾಕೆಟ್ ಟೇಪರ್ ಮೇಲೆ ಕೂತಿರುತ್ತದೆ (ತುದಿಗೆ ಬಂದಂತೆ ಸಣ್ಣದಾಗುವ ಶಾಫ್ಟ್), ಪುಲ್ಲರ್ ಹಾಕಿ ಬಿಗಿಮಾಡಿ, ಪುಲ್ಲರಿನ ಬೋಲ್ಟ್ ತಲೆಗೆ ಒಂದು ಸಣ್ಣ ಪೆಟ್ಟು ಕೊಟ್ಟರೆ ಟಪ್ಪೆಂದು ಬಿಡುತ್ತದೆ. ಎರಡು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕೇಸಿನ ಸೀಲ್ ಕೂರುವ ಅಂಚು ಮುರಿಯುತ್ತದೆ.

ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ತೆಗೆಯಿರಿ. ಶಿಮ್‌ಗಳು (ಅಂತರ ಸರಿಪಡಿಸುವ ತೆಳು ವಾಷರ್) ಯಾವ ಶಾಫ್ಟಿನ ಯಾವ ಬದಿಯಲ್ಲಿದ್ದವು ಎನ್ನುವುದು ನೆನಪಿನಲ್ಲಿ ಉಳಿಯುವುದಿಲ್ಲ.

ಹಂತ 3: ಕೇಸ್ ಬಿಡಿಸಿ

ಕೇಸ್ ಸ್ಕ್ರೂಗಳು ಉದ್ದದಲ್ಲಿ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಕೇಸಿನ ಚಿತ್ರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ. ಎಲ್ಲ ಸ್ಕ್ರೂ ಬಂತೆಂದು ಎರಡು ಸಲ ನೋಡಿ. ಉಳಿದುಹೋದ ಒಂದು ಸ್ಕ್ರೂ ಎಷ್ಟು ಕೇಸ್‌ಗಳನ್ನು ಸೀಳಿದೆಯೋ!

ಜಿಡ್ಡು, ಪೆಟ್ರೋಲ್, ಸೀಮೆಎಣ್ಣೆ ಪೂರ್ತಿ ಒರೆಸಿ ಒಣಗಿದ ಮೇಲೆ, ಬಯಲಲ್ಲಿ, ಬೇರಿಂಗ್ ಕೂತಿರುವ ಜಾಗದ ಸುತ್ತ ಹಾಟ್ ಏರ್ ಗನ್ ಹಿಡಿಯಿರಿ. ನೀರಿನ ಹನಿ ಹಾಕಿದರೆ ಚುಂಯ್ ಎನ್ನುವಷ್ಟು ಬಿಸಿಯಾದ ಮೇಲೆ ನೈಲಾನ್ ಸುತ್ತಿಗೆಯಿಂದ ಕೇಸಿನ ಗಟ್ಟಿ ಮೂಲೆಗಳಿಗೆ ಸುತ್ತಲೂ ತಟ್ಟುತ್ತಾ ಬನ್ನಿ. ಎರಡು ಹೋಳು ಸಮವಾಗಿ ಬಿಡಬೇಕು. ಒಂದು ಕಡೆ ಮಾತ್ರ ಬಾಯಿಬಿಟ್ಟರೆ ಅದನ್ನು ಮತ್ತೆ ಒತ್ತಿ ಸೇರಿಸಿ, ಇನ್ನೊಂದು ಕಡೆ ತಟ್ಟಿ.

ಎರಡು ಎಚ್ಚರಿಕೆ. ಜೋಡಣೆಯ ಮುಖದ ನಡುವೆ ಸ್ಕ್ರೂಡ್ರೈವರ್ ತೂರಿಸಬೇಡಿ. ಅಲ್ಲಿ ಬಿದ್ದ ಒಂದು ಗೀರು ಜೀವನಪೂರ್ತಿ ಗಾಳಿ ಸೋರುತ್ತದೆ. ಹಾಗೆಯೇ, ಕ್ರ್ಯಾಂಕಿನ ತುದಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ. ಒತ್ತಿ ಜೋಡಿಸಿದ ಕ್ರ್ಯಾಂಕ್ ಇದು. ಹೊಡೆತಕ್ಕೆ ಎರಡು ಚಕ್ರಗಳು ಪಿನ್ನಿನ ಮೇಲೆ ಕೂದಲೆಳೆಯಷ್ಟು ಹೊರಳಿದರೂ ಸಾಕು. ಕಣ್ಣಿಗೆ ಕಾಣುವುದಿಲ್ಲ, ಓಡಿಸುವಾಗ ಹ್ಯಾಂಡಲ್‌ನಲ್ಲಿ ಕಾಣುತ್ತದೆ.

ಕೇಸ್ ಬಿಟ್ಟಾಗ ಗೇರುಗಳೂ ಕಣ್ಣೆದುರು ಬರುತ್ತವೆ. ಇದ್ದಂತೆಯೇ ಫೋಟೋ ತೆಗೆದು, ಕ್ರಮ ತಪ್ಪದಂತೆ ಎತ್ತಿಡಿ.

ಹಂತ 4: ಹಳೆ ಬೇರಿಂಗ್ ತೆಗೆಯಿರಿ

ಮೊದಲು ಸೀಲ್ ಮತ್ತು ಸರ್ಕ್ಲಿಪ್ (ಬೇರಿಂಗ್ ಜರುಗದಂತೆ ತಡೆಯುವ ಸ್ಪ್ರಿಂಗ್ ಬಳೆ) ತೆಗೆಯಿರಿ. ಹಳೆ ಸೀಲ್‌ನ ಸ್ಪ್ರಿಂಗ್ ಯಾವ ಕಡೆ ಮುಖ ಮಾಡಿತ್ತು ಎಂದು ಬರೆದಿಡಿ. ಸರ್ಕ್ಲಿಪ್ ಮರೆತು ಬೇರಿಂಗ್ ಬಡಿದರೆ ಕ್ಲಿಪ್ ಕೂರುವ ಕಾಲುವೆಯೇ ಕಿತ್ತುಬರುತ್ತದೆ.

ಈಗ ಕೇಸನ್ನು 100ರಿಂದ 120 ಡಿಗ್ರಿ ಸೆಲ್ಷಿಯಸ್‌ವರೆಗೆ ಬಿಸಿ ಮಾಡಿ, ಕೈಗವಸು ಹಾಕಿ, ಬೇರಿಂಗ್ ಕೆಳಮುಖವಾಗುವಂತೆ ಹಿಡಿದು ಮರದ ಹಲಗೆ ಮೇಲೆ ಒಮ್ಮೆ ಕುಕ್ಕಿ. ಬೇರಿಂಗ್ ತಾನಾಗಿ ಬೀಳುತ್ತದೆ. ಇದರ ಲೆಕ್ಕ ಸರಳ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 62 ಮಿಮೀ ರಂಧ್ರ 100 ಡಿಗ್ರಿ ಬಿಸಿ ಏರಿದಾಗ ಸುಮಾರು 0.14 ಮಿಮೀ ದೊಡ್ಡದಾಗುತ್ತದೆ, ಒಳಗಿನ ಬೇರಿಂಗ್ ಅಷ್ಟೇ ಬಿಸಿಯಾದರೂ 0.07 ಮಾತ್ರ. ಆ ವ್ಯತ್ಯಾಸವೇ ಹಿಡಿತ ಬಿಡಿಸಲು ಸಾಕು. ಬಿಸಿ ಕೇಸಿಗೆ ತಣ್ಣೀರು ಹಾಕಬೇಡಿ. ಗ್ಯಾಸ್ ವೆಲ್ಡಿಂಗಿನ ಜ್ವಾಲೆಯನ್ನು ಒಂದೇ ಕಡೆ ಹಿಡಿಯುವುದೂ ಬೇಡ, ಕೇಸ್ ಸೊಟ್ಟಗಾಗುತ್ತದೆ.

ಬೇರಿಂಗ್ ಶಾಫ್ಟಿನ ಮೇಲೆಯೇ ಉಳಿದರೆ, ಅದಕ್ಕೂ ಕ್ರ್ಯಾಂಕ್ ಚಕ್ರಕ್ಕೂ ನಡುವೆ ಉಳಿ ಇಟ್ಟು ಹೊಡೆಯಬೇಡಿ. ತೆಳು ಬಾಯಿಯ ಬೇರಿಂಗ್ ಸೆಪರೇಟರ್ ಮತ್ತು ಪುಲ್ಲರ್ ಬಳಸಿ. ಅದಿಲ್ಲದಿದ್ದರೆ ಕ್ರ್ಯಾಂಕನ್ನೇ ಅಂಗಡಿಗೆ ಒಯ್ಯಿರಿ.

ತೆಗೆದ ಬೇರಿಂಗನ್ನು ಎಸೆಯುವ ಮೊದಲು ತೊಳೆದು, ಬಳೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಕಾಯಿಲೆ ಏನಿತ್ತೆಂದು ಅಲ್ಲಿ ಬರೆದಿರುತ್ತದೆ. ಬಳೆಯ ಒಂದೇ ಭಾಗದಲ್ಲಿ, ಗುಂಡುಗಳ ಅಂತರಕ್ಕೆ ಸರಿಯಾಗಿ ತುಕ್ಕಿನ ಕಪ್ಪು ಚುಕ್ಕೆಗಳಿದ್ದರೆ ಗಾಡಿ ನಿಂತಲ್ಲೇ ಕೊಳೆತಿದೆ: ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತಾಗ ತೇವ ಕ್ರ್ಯಾಂಕ್ ಕೋಣೆಯ ತಳದಲ್ಲಿ ಸೇರಿ, ಕೆಳಗಿನ ಗುಂಡುಗಳನ್ನು ತಿಂದಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರುವುದರಿಂದ ಈ ತೊಂದರೆ ಇನ್ನೂ ಜಾಸ್ತಿ. ಸುತ್ತಲೂ ನೀಲಿ, ಕಂದು ಬಣ್ಣ ತಿರುಗಿದ್ದರೆ ಎಣ್ಣೆ ಸಾಲದೆ ಬಿಸಿಯಾಗಿದೆ. ಗುಂಡಿನ ದಾರಿಯಲ್ಲಿ ಸಮ ಅಂತರದಲ್ಲಿ ಒತ್ತಿದ ಗುಳಿಗಳಿದ್ದರೆ ಹಿಂದೆ ಯಾರೋ ಬಡಿದು ಕೂರಿಸಿದ್ದಾರೆ.

ಹಂತ 5: ತೊಳೆಯಿರಿ, ಅಳೆಯಿರಿ

ಅವಸರದವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದೂ ಇದೇ.

ಬೇರಿಂಗ್ ಸೀಟ್: ತಣ್ಣಗಿನ ಕೇಸಿನಲ್ಲಿ ಹೊಸ ಬೇರಿಂಗ್ ಕೈಯಿಂದ ಒಳಹೋಗಬಾರದು. ಹೋದರೆ ಹಳೆ ಬೇರಿಂಗಿನ ಹೊರ ಬಳೆ ಕೇಸಿನಲ್ಲೇ ತಿರುಗಿ ರಂಧ್ರ ಸವೆಸಿದೆ. ಇದಕ್ಕೆ ನಮ್ಮಲ್ಲಿ ಹಳೇ ಮದ್ದೊಂದಿದೆ: ರಂಧ್ರದ ಸುತ್ತ ಸೆಂಟರ್ ಪಂಚ್‌ನಿಂದ ಚುಕ್ಕಿ ಹೊಡೆದು ಬಿಗಿ ಬರಿಸುವುದು. ದಯವಿಟ್ಟು ಬೇಡ. ಆ ಚುಕ್ಕಿಗಳ ಮೊನೆ ಬೇಗ ಸವೆಯುತ್ತದೆ, ಬೇರಿಂಗೂ ನಡು ಬಿಟ್ಟು ಕೂರುತ್ತದೆ. ಸಡಿಲ ತೀರಾ ಕಡಿಮೆಯಿದ್ದರೆ ರಿಟೇನಿಂಗ್ ಕಾಂಪೌಂಡ್ (ಬೇರಿಂಗ್ ಹಿಡಿದಿಡಲೆಂದೇ ಇರುವ ಅಂಟು) ನಿಲ್ಲುತ್ತದೆ. ಬೇರಿಂಗ್ ಅಲ್ಲಾಡುವಷ್ಟಿದ್ದರೆ ಎರಡೂ ಹೋಳುಗಳನ್ನು ಜೋಡಿಸಿ ಬೋರ್ ಮಾಡಿ ಬುಷ್ ಕೂರಿಸಬಲ್ಲ ಅಂಗಡಿಗೆ ಕೊಡಬೇಕು. ಒಂದೇ ಹೋಳನ್ನು ಅಂದಾಜಿನಲ್ಲಿ ಬೋರ್ ಮಾಡಿಸಿದರೆ ಎಡ-ಬಲದ ನಡು ಹೊಂದುವುದಿಲ್ಲ.

ಬಿಗ್ ಎಂಡ್: ಕಾನ್‌ರಾಡನ್ನು ಮೇಲ್ತುದಿಗೆ ತಂದು, ನೇರ ಮೇಲಕ್ಕೆ-ಕೆಳಕ್ಕೆ ಎಳೆದು ಒತ್ತಿ. ಈ ದಿಕ್ಕಿನಲ್ಲಿ ಕೈಗೆ ತಿಳಿಯುವ ಆಟ ಇರಲೇಬಾರದು. ಎಡ-ಬಲಕ್ಕೆ ಸ್ವಲ್ಪ ಜಾರುವುದು ಸಹಜ, ಅದನ್ನು ನೋಡಿ ಹೆದರಬೇಡಿ. ಬಿಗ್ ಎಂಡ್ ಹೋಗಿದ್ದರೆ ಈಗಲೇ ಕಾನ್‌ರಾಡ್ ಕಿಟ್ ಹಾಕಿಸಿ. ಹೊಸ ಮೇನ್ ಬೇರಿಂಗ್ ಹಾಕಿ ಹಳೇ ಬಿಗ್ ಎಂಡ್ ಬಿಡುವುದು ದುಡ್ಡು ದಂಡ.

ಕ್ರ್ಯಾಂಕ್ ನೇರ ಇದೆಯೇ: ಲೇತ್ ಅಂಗಡಿಯಲ್ಲಿ ಎರಡು ತುದಿಗಳನ್ನು ಸೆಂಟರ್‌ಗೆ ಕಟ್ಟಿ, ಬೇರಿಂಗ್ ಕೂರುವ ಜಾಗದಲ್ಲಿ ಡಯಲ್ ಗೇಜ್ ಇಟ್ಟು ಕೈಯಿಂದ ನಿಧಾನ ತಿರುಗಿಸಿದರೆ ಮುಳ್ಳಿನ ಓಲಾಟ ಕಾಣುತ್ತದೆ. 0.03 ಮಿಮೀ ಒಳಗಿದ್ದರೆ ನೆಮ್ಮದಿ. 0.05 ದಾಟಿದರೆ ತಿದ್ದಿಸಲೇಬೇಕು. ನೀವೇ ಪಕ್ಕದಲ್ಲಿ ನಿಂತು ಮುಳ್ಳು ನೋಡಿ. "ಸರಿಯಾಗಿದೆ" ಎನ್ನುವ ಮಾತಿಗಿಂತ ಮುಳ್ಳಿನ ಓಲಾಟ ನಂಬಿಕಸ್ತ.

ಶಾಫ್ಟ್: ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಅರ್ಧ-ಒಂದು ಮಿಮೀ ಹಿಂದೆ-ಮುಂದೆ ಕೂರಿಸಿ ಹೊಸ ದಾರಿ ಕೊಡಬಹುದು.

ಹಂತ 6: ಹೊಸ ಬೇರಿಂಗ್ ಕೂರಿಸಿ

ಹಿಂದಿನ ರಾತ್ರಿಯೇ ಬೇರಿಂಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿಡಿ. (ಮನೆಯವರಿಗೆ ಮೊದಲೇ ಹೇಳಿಡಿ.) ಕೇಸನ್ನು ಮತ್ತೆ 100-120 ಡಿಗ್ರಿಗೆ ಬಿಸಿ ಮಾಡಿ. ಒಳಗಿನ ಸರ್ಕ್ಲಿಪ್ ಇದ್ದರೆ ಅದು ಮೊದಲೇ ಕೂತಿರಬೇಕು. ಕೇಸನ್ನು ಮಟ್ಟಸವಾಗಿ ಇಟ್ಟು, ಫ್ರೀಜರ್‌ನಿಂದ ತೆಗೆದ ಬೇರಿಂಗನ್ನು ಒರೆಸಿ, ನೇರವಾಗಿ ಬಾಯಿಗೆ ಹಿಡಿದು ಬಿಡಿ. ಟಣ್ ಎಂದು ತಳ ಮುಟ್ಟಬೇಕು. ಆ ಸದ್ದು ಕೇಳಿದಾಗ ಸಿಗುವ ಸಮಾಧಾನ ಬೇರೆ.

ಓರೆಯಾಗಿ ಸಿಕ್ಕಿಕೊಂಡರೆ ಬಡಿದು ನೇರ ಮಾಡಬೇಡಿ. ಮತ್ತೆ ಬಿಸಿ ಮಾಡಿ ಬೀಳಿಸಿ, ಹೊಸದಾಗಿ ಶುರು ಮಾಡಿ. ಕೊನೆಯ ಒಂದೆರಡು ಮಿಮೀ ಒತ್ತಬೇಕಾದರೆ ಹೊರ ಬಳೆಯಷ್ಟೇ ಅಗಲದ ಪೈಪ್ ತುಂಡು ಅಥವಾ ಹಳೆ ಬೇರಿಂಗಿನ ಹೊರ ಬಳೆ ಇಟ್ಟು ಒತ್ತಿ. ಕೇಸಿಗೆ ಕೂರಿಸುವಾಗ ಒತ್ತಡ ಹೊರ ಬಳೆಗೆ, ಶಾಫ್ಟಿಗೆ ಕೂರಿಸುವಾಗ ಒಳ ಬಳೆಗೆ. ಇದು ತಪ್ಪಿದರೆ ಒತ್ತಡ ಗುಂಡುಗಳ ಮೂಲಕ ಹಾದು, ಮೊದಲ ದಿನವೇ ಗುಳಿ ಬೀಳುತ್ತದೆ.

ತಣ್ಣಗಾದ ಮೇಲೆ ಹೊರಗಿನ ಸರ್ಕ್ಲಿಪ್ ಹಾಕಿ, ಅದು ಕಾಲುವೆಯಲ್ಲಿ ಪೂರ್ತಿ ಕೂತಿದೆಯೇ ಎಂದು ಸುತ್ತ ತಿರುಗಿಸಿ ನೋಡಿ. ಬೇರಿಂಗಿಗೆ 2ಟಿ ಆಯಿಲ್ ಬಿಟ್ಟು ಬೆರಳಿಂದ ತಿರುಗಿಸಿ: ನುಣುಪಾಗಿ, ಎಲ್ಲೂ ಕಚ್ಚದೆ ತಿರುಗಬೇಕು.

ಹಂತ 7: ಕ್ರ್ಯಾಂಕ್ ಇಳಿಸಿ, ಕೇಸ್ ಮುಚ್ಚಿ

ಈ ಸಲ ಫ್ರೀಜರ್ ಪಾಲು ಕ್ರ್ಯಾಂಕಿನದು. ಬೇರಿಂಗಿನ ಒಳ ಬಳೆಯನ್ನು ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ, ಆದರೆ 110 ಡಿಗ್ರಿ ದಾಟಿಸಬೇಡಿ. ಕ್ರ್ಯಾಂಕನ್ನು ನೇರವಾಗಿ ಇಳಿಸಿದರೆ ಜಾರಿ ಕೂರುತ್ತದೆ. ಅರ್ಧಕ್ಕೆ ನಿಂತರೆ ಎಳೆದು ಕೂರಿಸಿ: ಶಾಫ್ಟಿನ ಥ್ರೆಡ್‌ಗೆ ನಟ್, ವಾಷರ್ ಹಾಕಿ, ಒಳ ಬಳೆಗೆ ತಾಗುವ ಪೈಪ್ ತುಂಡು ಕೊಟ್ಟು ನಟ್ ಬಿಗಿಮಾಡುತ್ತಾ ಹೋದರೆ ಶಾಫ್ಟ್ ತಾನಾಗಿ ಬರುತ್ತದೆ. ಆಚೆಯಿಂದ ಹೊಡೆಯುವುದು ಬೇಡ.

ಗೇರುಗಳು, ಶಿಮ್‌ಗಳು ಫೋಟೋದಲ್ಲಿದ್ದಂತೆ. ಜೋಡಣೆಯ ಮುಖಗಳನ್ನು ಥಿನ್ನರ್‌ನಲ್ಲಿ ಒರೆಸಿ. ಮೊದಲು ಪ್ಯಾಕಿಂಗ್ (ಎರಡು ಹೋಳುಗಳ ನಡುವೆ ಇಡುವ ತೆಳು ಹಾಳೆ) ಇದ್ದರೆ ಅದೇ ದಪ್ಪದ ಪ್ಯಾಕಿಂಗ್. ಇರದಿದ್ದರೆ ಪೆಟ್ರೋಲ್ ತಡೆಯುವ ಸೀಲೆಂಟ್ ತೆಳುವಾಗಿ ಸವರಿದರೆ ಸಾಕು. ಪ್ಯಾಕಿಂಗ್ ದಪ್ಪ ಬದಲಾದರೆ ಕ್ರ್ಯಾಂಕಿನ ಅಡ್ಡ ಜಾರಾಟವೂ ಗೇರ್ ಶಾಫ್ಟ್‌ಗಳ ಜಾರಾಟವೂ ಬದಲಾಗುತ್ತದೆ. ಸೀಲೆಂಟನ್ನು ಧಾರಾಳವಾಗಿ ಹಚ್ಚಿದರೆ ಒಳಗೆ ಉಕ್ಕಿದ ತುಣುಕು ಎಣ್ಣೆಯ ದಾರಿ ಮುಚ್ಚುತ್ತದೆ.

ಸ್ಕ್ರೂಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. ಪ್ರತಿ ಸುತ್ತಿಗೂ ಕ್ರ್ಯಾಂಕ್ ತಿರುಗಿಸಿ ನೋಡಿ. ಬಿಗಿಯಾಗುತ್ತಾ ಬಂದರೆ ನಿಲ್ಲಿಸಿ. ಕ್ರ್ಯಾಂಕ್ ಒಂದು ಬದಿಗೆ ಒತ್ತಿಕೊಂಡಿದೆ. ಕೇಸ್ ಬೆಚ್ಚಗಿರುವಾಗ ಶಾಫ್ಟಿನ ತುದಿಗೆ ನೈಲಾನ್ ಸುತ್ತಿಗೆಯಿಂದ ಹಗುರವಾಗಿ ಒಮ್ಮೆ ತಟ್ಟಿದರೆ ನಡುವಿಗೆ ಬರುತ್ತದೆ. ಆಗಲೂ ಬಿಗಿ ಬಿಡದಿದ್ದರೆ ಬಿಚ್ಚಿ ಕಾರಣ ಹುಡುಕಿ. "ಓಡಿದ ಮೇಲೆ ಸರಿಹೋಗುತ್ತೆ" ಎನ್ನುವುದು ಸುಳ್ಳು.

ಹಂತ 8: ಆಯಿಲ್ ಸೀಲ್

ಎಥನಾಲ್ ಪೆಟ್ರೋಲಿಗೆ ಮಾಮೂಲಿ ನೈಟ್ರೈಲ್ ರಬ್ಬರಿಗಿಂತ ವೈಟನ್ ಸೀಲ್ ಚೆನ್ನಾಗಿ ತಡೆಯುತ್ತದೆ. ಬಣ್ಣ ಕಂದು ಎಂದ ಮಾತ್ರಕ್ಕೆ ವೈಟನ್ ಅಲ್ಲ, ನಂಬರ್ ಮತ್ತು ಕಂಪನಿ ನೋಡಿ. ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಮುಖ ಒತ್ತಡದ ಕಡೆಗೆ, ಅಂದರೆ ಕ್ರ್ಯಾಂಕ್ ಕೋಣೆಯ ಕಡೆಗೆ; ಬರೆದಿಟ್ಟದ್ದರೊಂದಿಗೆ ತಾಳೆ ನೋಡಿ. ತುಟಿಗೆ ಗ್ರೀಸ್ ಹಚ್ಚಿ. ಕೀ ಕೂರುವ ಕಾಲುವೆ, ಥ್ರೆಡ್‌ಗಳ ಮೇಲೆ ಹಾಯುವಾಗ ತುಟಿ ಹರಿಯದಂತೆ ಶಾಫ್ಟಿಗೆ ಸೆಲ್ಲೋಟೇಪ್ ಸುತ್ತಿ, ಆಮೇಲೆ ಕಿತ್ತುಬಿಡಿ.

ಹಂತ 9: ಗಾಳಿ ಪರೀಕ್ಷೆ

ಇದನ್ನು ಮಾಡುವವರು ಕಡಿಮೆ. ಬ್ಯಾರಲ್, ಹೆಡ್, ಪ್ಲಗ್ ಹಾಕಿದ ಮೇಲೆ ಎರಡು ಸೈಲೆನ್ಸರ್ ಬಾಯಿಗಳನ್ನೂ ಕಾರ್ಬುರೇಟರ್ ಬಾಯನ್ನೂ ರಬ್ಬರ್ ಶೀಟ್ ಇಟ್ಟು ಬಿಗಿಯಾಗಿ ಮುಚ್ಚಿ. ಕಾರ್ಬುರೇಟರ್ ಬದಿಯ ಮುಚ್ಚಳಕ್ಕೆ ಒಂದು ನಳಿಕೆ ಕೊಟ್ಟು ಗಾಳಿ ತುಂಬಿ. ಬಿಪಿ ನೋಡುವ ಹಳೆ ಉಪಕರಣದ ಬಲೂನ್ ಪಂಪ್ ಮತ್ತು ಮೀಟರ್ ಇದಕ್ಕೆ ಹೇಳಿ ಮಾಡಿಸಿದಂತಿದೆ: 250ಕ್ಕೆ ಏರಿಸಿದರೆ ಸುಮಾರು 5 ಪಿಎಸ್‌ಐ. ಕೆಲವು ನಿಮಿಷ ಮುಳ್ಳು ಹೆಚ್ಚು ಇಳಿಯದೆ ನಿಲ್ಲಬೇಕು. ಇಳಿದರೆ ಸೀಲ್, ಜೋಡಣೆ, ಬ್ಯಾರಲ್ ಬುಡಕ್ಕೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಎದ್ದಿತೋ ಅಲ್ಲಿ ಸೋರಿಕೆ. ಟಯರ್ ಅಂಗಡಿಯ ಕಂಪ್ರೆಸರ್ ಬೇಡ, ಹೊಸ ಸೀಲ್ ಹಾರಿಹೋಗುತ್ತದೆ.

ಹಂತ 10: ಮೊದಲ ಸ್ಟಾರ್ಟ್

ಉಳಿದದ್ದೆಲ್ಲ ಬಿಚ್ಚಿದ ಕ್ರಮದ ಉಲ್ಟಾ. ಆರ್ಮೇಚರ್ ಹಾಕಿದ ಮೇಲೆ ಸುತ್ತಲೂ ಪೋಲ್‌ಗಳಿಗೆ ತಾಗದೆ ಸಮ ಅಂತರದಲ್ಲಿ ತಿರುಗುತ್ತದೆಯೇ ನೋಡಿ. ಪಾಯಿಂಟ್ ಗ್ಯಾಪ್, ಟೈಮಿಂಗ್ ಹೊಸದಾಗಿ ಸೆಟ್ ಮಾಡಿ. ಕ್ರ್ಯಾಂಕ್ ತನ್ನ ಜಾಗಕ್ಕೆ ಬಂದಿರುವುದರಿಂದ ಹಳೆ ಸೆಟ್ಟಿಂಗ್ ಹೊಂದುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಬಿಚ್ಚಿ, ಕಿಕ್ಕರನ್ನು ಹತ್ತಿಪ್ಪತ್ತು ಸಲ ಸುಮ್ಮನೆ ಒದೆಯಿರಿ, ಒಳಗೆ ಬಿಟ್ಟ ಎಣ್ಣೆ ಎಲ್ಲೆಡೆ ಹರಡಲಿ. ಮೊದಲ ಟ್ಯಾಂಕಿಗೆ ಲೀಟರಿಗೆ 40 ಮಿಲಿ 2ಟಿ ಆಯಿಲ್, ಟ್ಯಾಂಕಿಗೆ ಹಾಕುವ ಮೊದಲೇ ಕ್ಯಾನಿನಲ್ಲಿ ಕಲಕಿ. ನಿಲ್ಲಿಸಿ ರೇಸ್ ಮಾಡಬೇಡಿ. ಒಂದೆರಡು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಿ. ಆಮೇಲೆ ರಸ್ತೆಗೆ. ಮೊದಲ 500 ಕಿಲೋಮೀಟರ್ ಅರ್ಧ ಆಕ್ಸಿಲರೇಟರ್ ದಾಟಿಸದೆ, ಆದರೆ ಟಾಪ್ ಗೇರಿನಲ್ಲಿ ನರಳಿಸಿಯೂ ಓಡಿಸದೆ ನೋಡಿಕೊಳ್ಳಿ. ಕಡಿಮೆ ಆರ್‌ಪಿಎಂನಲ್ಲಿ ಭಾರ ಎಳೆಸುವುದು ಬೇರಿಂಗಿಗೆ ವೇಗಕ್ಕಿಂತ ಕೆಟ್ಟದ್ದು.

500 ಕಿಲೋಮೀಟರ್ ಆದಮೇಲೆ ಹೆಡ್ ಮತ್ತು ಎಂಜಿನ್ ಮೌಂಟಿಂಗ್ ಬೋಲ್ಟ್‌ಗಳನ್ನು ತಣ್ಣಗಿರುವಾಗ ಬಿಗಿಮಾಡಿ, ಡೈನಮೋ ಕವರ್ ತೆಗೆದು ಸೀಲಿನ ಸುತ್ತ ಎಣ್ಣೆ ಒಸರಿದೆಯೇ ನೋಡಿ, ಗೇರ್ ಆಯಿಲ್ ಬದಲಿಸಿ. ಇಳಿಸಿದ ಆಯಿಲನ್ನು ಮೂಸಿ: ಪೆಟ್ರೋಲ್ ವಾಸನೆ ಇಲ್ಲದಿದ್ದರೆ, ಅದರಲ್ಲಿ ಲೋಹದ ಪುಡಿ ಮಿಂಚದಿದ್ದರೆ, 2ಟಿ ಆಯಿಲನ್ನು ಲೀಟರಿಗೆ ನಿಮ್ಮ ಮ್ಯಾನುಯಲ್ ಹೇಳುವ ಪ್ರಮಾಣಕ್ಕೆ ಇಳಿಸಬಹುದು.